ಮಳೆಗಾಲ ಬಂದ ಕೂಡಲೇ ಸೊರಗಿದ ರೀಫ್ ಟ್ಯಾಂಕು: ಬದಿಯಡ್ಕ ಕಡೆಯ ಒಂದು ಪ್ರಕರಣ

ಕರಾವಳಿಯಲ್ಲಿ ರೀಫ್ ಟ್ಯಾಂಕು, ಅಂದರೆ ಉಪ್ಪುನೀರಲ್ಲಿ ಹವಳ, ಮೀನು ಸಾಕುವ ಗಾಜಿನ ತೊಟ್ಟಿ, ಇಟ್ಟವರನ್ನು ಕೇಳಿದರೆ ಎಲ್ಲರೂ ಏಪ್ರಿಲ್, ಮೇ ತಿಂಗಳ ಕಷ್ಟವನ್ನೇ ಹೇಳುತ್ತಾರೆ. ಸೆಕೆ, ನೀರು ಬಿಸಿಯಾಗುವುದು, ನೀರು ತಂಪು ಮಾಡುವ ಚಿಲ್ಲರ್‌ನ ಖರ್ಚು, ಕರೆಂಟ್ ಬಿಲ್ಲು. ನನಗೆ ಜೂನ್ ತಿಂಗಳದ್ದೇ ಜಾಸ್ತಿ ಹೆದರಿಕೆ. ಬೇಸಿಗೆಯ ತೊಂದರೆ ಥರ್ಮಾಮೀಟರಿನಲ್ಲಿ ಕಾಣುತ್ತದೆ. ಮಳೆಗಾಲದ ತೊಂದರೆ ಸುಮ್ನೆ ಒಳಗೊಳಗೇ ಬೆಳೆಯುತ್ತದೆ, ಕಾಣುವಾಗ ತಿಂಗಳು ಕಳೆದಿರುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಮನೆಯಲ್ಲಿ ಹೀಗೇ ಆಯಿತು. ಕಾರಣ ಗೊತ್ತಾದ ಮೇಲೆ ಅದು ನಮ್ಮ ಊರಿನ ಹವೆಗೇ ಅಂಟಿಕೊಂಡ ವಿಷಯ ಅನ್ನಿಸಿತು. ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ.

ಟ್ಯಾಂಕಿನ ಯಜಮಾನರು ನಿವೃತ್ತ ಮಾಷ್ಟ್ರು. ಸ್ವಲ್ಪ ಅಡಿಕೆ ತೋಟ ಉಂಟು, ನೀರಿಗೆ ಗುಡ್ಡ ಕೊರೆದ ಸುರಂಗ ಉಂಟು. ಸಮುದ್ರದ ಟ್ಯಾಂಕು ಇಟ್ಟವರಿಗೆ ತೊಂದರೆ ಬಂದಾಗ ಹೋಗಿ ನೋಡಿ ಕೊಡುವ ಕೆಲಸ ನನ್ನದು. ಮಾಷ್ಟ್ರ ಟ್ಯಾಂಕು ಮೊದಲಿನಿಂದಲೂ ನನಗೆ ಗೊತ್ತಿದ್ದದ್ದು. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಅಂದರೆ ಸುಮಾರು 255 ಲೀಟರ್. ಕೆಳಗೆ ಸಂಪ್, ಅಂದರೆ ನೀರು ಇಳಿದು ಬರುವ ಇನ್ನೊಂದು ತೊಟ್ಟಿ ಉಂಟು, ಅದರಲ್ಲಿ ಗಾಳಿ ಗುಳ್ಳೆಯಿಂದ ಕೊಳೆ ತೆಗೆಯುವ ಸ್ಕಿಮ್ಮರ್, ಮೇಲಕ್ಕೆ ನೀರು ದೂಡುವ ಪಂಪು. ಕಲ್ಲು, ಮರಳು ಕಳೆದು ಸಂಪಿನದ್ದು ಸೇರಿಸಿದರೆ ನಿಜವಾದ ನೀರು 270 ಲೀಟರ್. ಈ 270 ಅನ್ನು ನೆನಪಿಡಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ.

ಮಾಷ್ಟ್ರು ಟ್ಯಾಂಕು ಕಟ್ಟಿದ ಕ್ರಮ ನನಗೆ ಬಹಳ ಇಷ್ಟ. ಸಮುದ್ರದ ಕಲ್ಲು ತಂದಿಲ್ಲ. ಗಟ್ಟಿ ಹವಳ ಇಟ್ಟಿಲ್ಲ. ಬಂಡೆ ಕಟ್ಟುವ ಗಟ್ಟಿ ಹವಳ ಎಲ್ಲವೂ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಆನೆ ಇರುವ ಅದೇ ಪಟ್ಟಿ. ಕಡಲಕುದುರೆ, ಕಡಲ ಸೌತೆಗೂ ರಕ್ಷಣೆ ಉಂಟು. ಯಾರೋ ದೋಣಿಯವರು ತಂದುಕೊಟ್ಟರು ಎಂದು ಇಟ್ಟುಕೊಳ್ಳುವ ಹಾಗಿಲ್ಲ. ಇಡಲೂ ಬಾರದು, ಕಾನೂನಿಗಾಗಿ ಮಾತ್ರ ಅಲ್ಲ, ಸಮುದ್ರದಲ್ಲಿ ಉಳಿದಿರುವುದೇ ಕಡಿಮೆ. ಮಾಷ್ಟ್ರ ಟ್ಯಾಂಕಿನಲ್ಲಿ ಇದ್ದದ್ದು ಕೃತಕ ಕಲ್ಲು, ಟ್ಯಾಂಕಿನಲ್ಲೇ ತುಂಡು ಮಾಡಿ ಬೆಳೆಸಿದ ಮೃದು ಹವಳಗಳು, ಅಂದರೆ ಮಶ್ರೂಮ್, ಜೋಆಂತಿಡ್, ಕೊಡೆಯ ಹಾಗೆ ಬಿಚ್ಚುವ ಒಂದು ಲೆದರ್ ಹವಳ. ಮೀನು ಎಂದರೆ ಒಂದು ಜೋಡಿ ಕ್ಲೌನ್, ಅದೂ ಮರಿ ಮಾಡಿಸಿ ಬೆಳೆಸಿದ್ದು. ವಿಳಿಂಜಂನಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡಿಸುವ ಕೆಲಸ ಎಷ್ಟೋ ವರ್ಷದಿಂದ ಮಾಡಿದ್ದಾರೆ, ಹಾಗಾಗಿ ಸಮುದ್ರದಿಂದ ಹಿಡಿದ ಕ್ಲೌನ್ ತರಲು ಯಾವ ಕಾರಣವೂ ಇಲ್ಲ. ಇವುಗಳ ಜೊತೆ ಒಂದು ಕ್ಲೀನರ್ ಸಿಗಡಿ, ಪಾಚಿ ತಿನ್ನಲು ಟರ್ಬೋ ಬಸವನಹುಳುಗಳು.

ಜೋಆಂತಿಡ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದರ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಕತ್ತರಿಸುವಾಗ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅದು ಹಿಡಿದ ಕಲ್ಲನ್ನು ಬಿಸಿನೀರಲ್ಲಿ ಕುದಿಸಿ ಸ್ವಚ್ಛ ಮಾಡುವ ಕೆಲಸ ಯಾವತ್ತೂ ಮಾಡಬೇಡಿ, ಆವಿಯಲ್ಲಿ ವಿಷ ಬಂದು ಮನೆಮಂದಿಯೆಲ್ಲ ಆಸ್ಪತ್ರೆ ಸೇರುವ ಹಾಗಾಗುತ್ತದೆ.

ಈಗ ಪ್ರಕರಣಕ್ಕೆ ಬರೋಣ. ಟ್ಯಾಂಕಿಗೆ ಎರಡನೆಯ ಮಳೆಗಾಲ. ಮೊದಲ ಮಳೆಗಾಲ ಆರಾಮವಾಗಿ ದಾಟಿತ್ತು. ಎರಡನೆಯ ವರ್ಷ ಜುಲೈ ನಡುವಿಗೆ ಮಾಷ್ಟ್ರ ಫೋನು ಬಂತು. ಕಲ್ಲಿನ ಮೇಲಿನ ಗುಲಾಬಿ ಬಣ್ಣ (ಅದು ಸುಣ್ಣದ ಪದರ ಕಟ್ಟುವ ಪಾಚಿ) ಅಲ್ಲಲ್ಲಿ ಬಿಳಿಯಾಗುತ್ತಿದೆ, ಲೆದರ್ ಹವಳ ವಾರದಿಂದ ಬಿಚ್ಚಿಲ್ಲ, ಬಸವನಹುಳುವಿನ ಚಿಪ್ಪು ಸವೆದ ಹಾಗೆ ಕಾಣುತ್ತದೆ ಎಂದರು. ಮೀನು ಹೇಗಿದೆ ಎಂದು ಕೇಳಿದೆ. ಮೀನಿಗೆ ಏನೂ ಆಗಿಲ್ಲ, ಊಟ ಮಾಡುತ್ತದೆ. ಸಿಗಡಿ? ಅದೂ ಚುರುಕಾಗಿದೆ.

ಮೀನು, ಸಿಗಡಿ ಸರಿಯಿದ್ದು ಚಿಪ್ಪು ಕಟ್ಟುವ ಜೀವಗಳು ಮಾತ್ರ ಸೊರಗುತ್ತಿವೆ ಎನ್ನುವುದು ದೊಡ್ಡ ಸುಳಿವು. ಆದರೆ ಮನೆಯವರಿಗೆ ಅಷ್ಟರಲ್ಲಿ ಮೂರು ಅನುಮಾನ ಹುಟ್ಟಿತ್ತು. ಮೂರೂ ಹುರುಳಿಲ್ಲದ್ದಲ್ಲ. ಒಂದೊಂದನ್ನೇ ನೋಡಿ ಬದಿಗಿಡದೆ ಮುಂದೆ ಹೋಗುವ ಹಾಗಿರಲಿಲ್ಲ.

ಮೊದಲನೆಯದು ಕರೆಂಟು. ಜೂನ್ ಕೊನೆಗೆ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ರಾತ್ರಿ ಇಡೀ ಕರೆಂಟು ಇರಲಿಲ್ಲ. ಪಂಪು ನಿಂತರೆ ನೀರಿನ ಆಮ್ಲಜನಕ ಇಳಿಯುತ್ತದೆ, ಮೊದಲು ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಆದರೆ ಮಾಷ್ಟ್ರ ಮನೆಯಲ್ಲಿ ನೀರು ತಿರುಗಿಸುವ ಪಂಪೂ ಅಲೆ ಎಬ್ಬಿಸುವ ಪಂಪೂ ಇನ್ವರ್ಟರಿಗೆ ಸೇರಿವೆ. ಎರಡೂ ಸೇರಿ 30 ವ್ಯಾಟ್ ಒಳಗೆ. 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೂ 900 ವ್ಯಾಟ್-ಅವರ್ ಸಿಗುತ್ತದೆ, ನಷ್ಟ ಕಳೆದರೂ ಒಂದು ದಿನ ಆರಾಮ. ಟಿವಿ, ಫ್ಯಾನು ಆಫ್ ಮಾಡಿ ಬರೀ ಟ್ಯಾಂಕಿಗೆ ಬಿಟ್ಟಿದ್ದರು. ಉಸಿರು ಕಟ್ಟಿದ್ದರೆ ಮೀನೇ ಮೊದಲು ಹೋಗಬೇಕಿತ್ತು. ಕರೆಂಟು ಅಲ್ಲ.

ಎರಡನೆಯದು ಮೈಲುತುತ್ತು. ಇದನ್ನು ಹೇಳಿದ್ದು ಮಾಷ್ಟ್ರ ಹೆಂಡತಿ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಅವರ ಅನುಮಾನ ಕೇಳಿ ನನಗೆ ನಿಜಕ್ಕೂ ಗಾಬರಿಯಾಯಿತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ನಮ್ಮಲ್ಲಿ ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ 40-45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಹೊಡೆಯುತ್ತಾರಲ್ಲ, ಶೇಕಡಾ ಒಂದರ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರ. ತೋಟಕ್ಕೆ ಅಮೃತವಾದ ತಾಮ್ರ ರೀಫ್ ಟ್ಯಾಂಕಿಗೆ ವಿಷ. ಬೆನ್ನೆಲುಬಿಲ್ಲದ ಜೀವಗಳಿಗೆ ಅದು ಅತಿ ಸಣ್ಣ ಪ್ರಮಾಣದಲ್ಲೂ ಸಾಕು. ಎರಡನೇ ಮದ್ದು ಹೊಡೆದದ್ದು ಜುಲೈ ಮೊದಲ ವಾರ, ಟ್ಯಾಂಕು ಸೊರಗಿದ್ದು ಅದೇ ಹೊತ್ತಿಗೆ. ಮದ್ದು ಬಿಟ್ಟವರ ನೀಲಿ ಕೈ ಬಕೆಟಿಗೆ ತಾಗಿರಬಹುದು, ಮಳೆಗೆ ತೊಳೆದುಹೋದದ್ದು ಸುರಂಗದ ನೀರಿಗೆ ಬಂದಿರಬಹುದು.

ತಾಮ್ರದ ಟೆಸ್ಟ್ ಮಾಡಿದೆವು. ಬಣ್ಣವೇ ಬರಲಿಲ್ಲ. ಆದರೆ ನನಗೆ ಟೆಸ್ಟ್ ಕಿಟ್‌ಗಿಂತ ಜಾಸ್ತಿ ಧೈರ್ಯ ಕೊಟ್ಟದ್ದು ಸಿಗಡಿ. ಟ್ಯಾಂಕಿನಲ್ಲಿ ತಾಮ್ರ ಸೇರಿದ್ದರೆ ಕ್ಲೀನರ್ ಸಿಗಡಿ ಉಳಿಯುವುದಿಲ್ಲ, ಅದು ಎಲ್ಲರಿಗಿಂತ ಮೊದಲು ಬೀಳುತ್ತದೆ. ಇಲ್ಲಿ ಅದು ಕಲ್ಲಿನ ಸಂದಿಯಿಂದ ಬಂದು ನನ್ನ ಬೆರಳಿನ ಉಗುರು ಕೆರೆಯುತ್ತಿತ್ತು. ಅನುಮಾನ ಬಿಟ್ಟೆವು. ಆದರೂ ತೋಟ ಇರುವ ಮನೆಯಲ್ಲಿ ಟ್ಯಾಂಕಿನ ಬಕೆಟು, ಮಗ್ಗು, ಪೈಪು ಬೇರೆಯೇ ಇರಬೇಕು, ಬೇರೆ ಬಣ್ಣದ್ದು ಇರಬೇಕು, ಮದ್ದಿನ ದಿನ ಟ್ಯಾಂಕಿಗೆ ಕೈ ಹಾಕಬಾರದು. ಅಕ್ಕ ಅದೇ ದಿನ ಟ್ಯಾಂಕಿನ ಬಕೆಟಿಗೆಲ್ಲ ಕೆಂಪು ಪೇಂಟು ಬಳಿದರು.

ಮೂರನೆಯದು ಸುರಂಗದ ನೀರು. ಕಾಸರಗೋಡಿನ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒಬ್ಬ ಮನುಷ್ಯ ಹೋಗುವಷ್ಟು ದಾರಿ ಮಾಡಿ ಒರತೆ ಹಿಡಿಯುತ್ತಾರೆ, ಪಂಪಿಲ್ಲದೆ ನೀರು ತಾನೇ ಹರಿದು ಬರುತ್ತದೆ. ಮುರಕಲ್ಲಿನ ನೀರು ತುಂಬಾ ಮೆದು, ಸ್ವಲ್ಪ ಹುಳಿ ಕಡೆಗೆ. ನೀರಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರು ಅದ್ದಿದರೆ ಸಣ್ಣ ಸಂಖ್ಯೆ ತೋರಿಸುತ್ತದೆ. ಅದನ್ನು ನೋಡಿ "ಇಷ್ಟು ಒಳ್ಳೆ ನೀರಿಗೆ ಆರ್‌ಒ ಯಾಕೆ" ಎಂದು ಕೇಳುವವರು ತುಂಬಾ ಜನ. ಟಿಡಿಎಸ್ ಕಡಿಮೆ ಇದ್ದರೂ ಕಬ್ಬಿಣ, ಸಿಲಿಕಾ, ತೋಟದ ಗೊಬ್ಬರದ ನೈಟ್ರೇಟ್ ಇರಬಹುದು, ಕಂದು ಪಾಚಿಗೆ ಅಷ್ಟು ಸಾಕು. ಮಾಷ್ಟ್ರು ಮೊದಲ ದಿನದಿಂದಲೂ ಆರ್‌ಒ ಪೊರೆ ಮತ್ತು ಉಳಿದ ಲವಣ ಹೀರುವ ಡಿಐ ರಾಳ ದಾಟಿಸಿ, ಟಿಡಿಎಸ್ ಸೊನ್ನೆ ಬಂದ ನೀರನ್ನೇ ಹಾಕುತ್ತಿದ್ದರು. ಅವರ ಒಂದೇ ದೂರು ಎಂದರೆ ರಾಳ ಬೇಗ ಮುಗಿಯುತ್ತದೆ. ಅದು ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡಿನಿಂದ. ಆರ್‌ಒ ಪೊರೆ ಅದನ್ನು ತಡೆಯುವುದಿಲ್ಲ, ಎಲ್ಲ ಹೋಗಿ ರಾಳವನ್ನು ತಿನ್ನುತ್ತದೆ. ಆರ್‌ಒ ನೀರನ್ನು ಒಂದು ರಾತ್ರಿ ಡ್ರಮ್ಮಿನಲ್ಲಿ ಗಾಳಿ ಗುಳ್ಳೆ ಬಿಟ್ಟು ಇಟ್ಟು, ಆಮೇಲೆ ರಾಳಕ್ಕೆ ಬಿಟ್ಟರೆ ರಾಳ ಎಷ್ಟೋ ಜಾಸ್ತಿ ಬಾಳುತ್ತದೆ. ಅಂತೂ ನೀರೂ ಅಲ್ಲ.

ನೀರಿನ ಪರೀಕ್ಷೆಯ ಸಂಖ್ಯೆ ಬರೆದಿಡುವ ಮಾಷ್ಟ್ರ ಪುಸ್ತಕ ತೆಗೆಸಿದೆ. ಉಪ್ಪಿನಂಶ ಸಾವಿರಕ್ಕೆ 35, ಉಷ್ಣತೆ 26 ಡಿಗ್ರಿ, ನೈಟ್ರೇಟ್ 8, ಫಾಸ್ಫೇಟ್ 0.05, ಕ್ಯಾಲ್ಸಿಯಂ 410, ಈ ಮೂರೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಚೊಕ್ಕ ಸಂಖ್ಯೆಗಳು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಮಾತ್ರ ಇನ್ನೊಮ್ಮೆ ನೋಡಿದೆ, ಅದನ್ನು ಶುದ್ಧ ನೀರಲ್ಲಿ ಸೊನ್ನೆಗೆ ಕೂರಿಸಿದರೆ ಸಾಕಾಗುವುದಿಲ್ಲ, 35ರ ಹತ್ತಿರವೇ ಪರೀಕ್ಷೆ ಮಾಡಬೇಕು. 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಶುದ್ಧ ನೀರಲ್ಲಿ ಕರಗಿಸಿದರೆ ಅದು 35ರ ಸಮುದ್ರದ ನೀರಿನ ಹಾಗೇ ಓದು ಕೊಡುತ್ತದೆ. ಮಾಷ್ಟ್ರದ್ದು ಸರಿಯಾಗಿತ್ತು.

ಪುಸ್ತಕದಲ್ಲಿ ಇತ್ತೀಚಿನ ಕೆಎಚ್ ಇರಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಒಮ್ಮೆ 8.2 ಎಂದಿತ್ತು, ಆಮೇಲೆ ಕಿಟ್ ಮುಗಿದಿತ್ತು, ತರಿಸಿರಲಿಲ್ಲ. ಕ್ಯಾಲ್ಸಿಯಂ ಸರಿಯಿದೆ ಅಲ್ವಾ, ಟ್ಯಾಂಕಿಗೆ ದಿನಾ ಸುಣ್ಣ ಹೋಗುತ್ತಿದೆ ಅಲ್ವಾ ಎಂದು ಬಿಟ್ಟಿದ್ದರು. ನನ್ನ ಕಿಟ್‌ನಲ್ಲಿ ನೋಡಿದೆ. 5.8.

ಕೆಎಚ್ ಎಂದರೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್, ಕಾರ್ಬೊನೇಟ್‌ಗಳ ಲೆಕ್ಕ. ಚಿಪ್ಪು, ಹವಳದ ಎಲುಬು, ಕಲ್ಲಿನ ಮೇಲೆ ಗುಲಾಬಿ ಪದರ ಕಟ್ಟುವ ಕೋರಲೈನ್ ಪಾಚಿ, ಎಲ್ಲವೂ ಕ್ಯಾಲ್ಸಿಯಂ ಒಂದರಿಂದ ಆಗುವುದಿಲ್ಲ, ಕಾರ್ಬೊನೇಟೂ ಸೇರಬೇಕು. ಎರಡೂ ಒಂದಕ್ಕೊಂದು ಸಮವಾಗಿ ಖರ್ಚಾಗುತ್ತವೆ. ಆದರೆ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ದಾಸ್ತಾನು ಕಾರ್ಬೊನೇಟಿಗಿಂತ ಸುಮಾರು ಎಂಟೊಂಬತ್ತು ಪಾಲು ದೊಡ್ಡದು. ಕೆಎಚ್ 2.8 ಇಳಿಯುವಾಗ ಕ್ಯಾಲ್ಸಿಯಂ ಬರೀ 20 ಇಳಿಯುತ್ತದೆ. ಮಾಷ್ಟ್ರ ಟ್ಯಾಂಕಿನಲ್ಲಿ ಕೆಎಚ್ 2.4 ಇಳಿದಿತ್ತು, ಅಂದರೆ ಕ್ಯಾಲ್ಸಿಯಂ 17ರಷ್ಟು ಇಳಿದಿರಬೇಕು. ಮನೆಯ ಕಿಟ್‌ನಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೇ 10-20 ಆಚೆ ಈಚೆ ಆಗುತ್ತದೆ. 425 ಇದ್ದದ್ದು 410 ಆದರೆ ಯಾರಿಗೆ ಅನುಮಾನ ಬರುತ್ತದೆ? ರೀಫ್ ಇಟ್ಟವರು ಒಂದೇ ಕಿಟ್‌ಗೆ ದುಡ್ಡು ಹಾಕುವ ಹಾಗಿದ್ದರೆ ಅದು ಕೆಎಚ್ ಕಿಟ್ ಆಗಿರಬೇಕು, ಕ್ಯಾಲ್ಸಿಯಂನದ್ದಲ್ಲ. ಇದನ್ನು ನಾನು ಎಲ್ಲರ ಮನೆಯಲ್ಲೂ ಹೇಳುತ್ತೇನೆ.

ಈಗ ಮುಖ್ಯ ಪ್ರಶ್ನೆ. ಮಾಷ್ಟ್ರು ಸುಣ್ಣ ಹಾಕುವುದನ್ನು ನಿಲ್ಲಿಸಿರಲಿಲ್ಲ. ಮತ್ತೆ ಯಾಕೆ ಇಳಿಯಿತು?

ಅವರ ಸುಣ್ಣದ ಕ್ರಮ ಹೀಗೆ. ಟ್ಯಾಂಕಿನ ನೀರು ದಿನಾ ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ, ನೀರು ಮಾತ್ರ ಹೋಗುತ್ತದೆ. ಆ ಕೊರತೆ ತುಂಬಲು ಸಂಪಿನ ಪಕ್ಕ 40 ಲೀಟರಿನ ಒಂದು ಡ್ರಮ್ಮು, ಅದರಿಂದ ಸಣ್ಣ ಫ್ಲೋಟ್ ವಾಲ್ವ್. ಮಟ್ಟ ಇಳಿದಷ್ಟು ನೀರು ತಾನೇ ಬೀಳುತ್ತದೆ. ಆ ಡ್ರಮ್ಮಿನ ಶುದ್ಧ ನೀರಿಗೇ 10 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಶುದ್ಧ ಸುಣ್ಣ, ಕಲಕಿಡುತ್ತಿದ್ದರು. ಜರ್ಮನರು ಕಾಲ್ಕ್‌ವಾಸರ್ ಎನ್ನುವ ಕ್ರಮ ಇದೇ, ಬಹಳ ಹಳೆಯದು, ಒಳ್ಳೆಯದು, ಅಗ್ಗದ್ದು. ಕ್ಯಾಲ್ಸಿಯಂ, ಕೆಎಚ್ ಎರಡನ್ನೂ ಸರಿ ಪ್ರಮಾಣದಲ್ಲಿ ಕೊಡುತ್ತದೆ, ಪಿಎಚ್ ಏರಿಸುತ್ತದೆ, ಹಿಂದೆ ಏನೂ ಉಳಿಸುವುದಿಲ್ಲ.

ನಾನು ಮಾಷ್ಟ್ರಲ್ಲಿ ಕೇಳಿದ್ದು ಒಂದೇ.

"ಮಾಷ್ಟ್ರೇ, ಡ್ರಮ್ಮು ಕಡೆಗೆ ತುಂಬಿಸಿದ್ದು ಯಾವಾಗ?"

"ಡ್ರಮ್ಮಾ? ಅದು ತುಂಬಾ ದಿನ ಬರ್ತದೆ ಮಾರಾಯಾ ಈಗ. ಬೇಸಗೆಯಲ್ಲಿ ಹತ್ತು ದಿನಕ್ಕೆ ಖಾಲಿ."

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅವರು ಡ್ರಮ್ಮು ತುಂಬಿಸಿದ ದಿನಕ್ಕೆಲ್ಲ ಗುರುತು ಹಾಕಿದ್ದರು. ಮಾರ್ಚ್, ಏಪ್ರಿಲ್, ಮೇ ಪುಟಗಳಲ್ಲಿ ಹತ್ತು ದಿನಕ್ಕೊಂದು. ಜೂನ್ ಮೊದಲ ವಾರ ಒಂದು. ಅಷ್ಟೇ. ಜುಲೈ ಪುಟ ಖಾಲಿ. ಡ್ರಮ್ಮಿನಲ್ಲಿ ಇನ್ನೂ ಅಡಿಯಲ್ಲಿ ನೀರಿತ್ತು, ಮೇಲೆ ತೆಳು ಕೆನೆ ಕಟ್ಟಿತ್ತು.

ನಾನು ಏನೋ ವಿವರಿಸಲು ಹೊರಟೆ. ಅಷ್ಟರಲ್ಲಿ ಅಕ್ಕನೇ ಹೇಳಿದರು. "ಹೌದಲ್ಲ! ಬಟ್ಟೆಯೇ ಒಣಗುವುದಿಲ್ಲ, ಹಪ್ಪಳ ಒಣಗುವುದಿಲ್ಲ, ಟ್ಯಾಂಕಿನ ನೀರು ಮಾತ್ರ ಹೇಗೆ ಒಣಗ್ತದೆ?"

ಅದೇ ಉತ್ತರ. ಬೇಸಿಗೆಯಲ್ಲಿ ಅವರ ಟ್ಯಾಂಕಿನಿಂದ ದಿನಕ್ಕೆ 4 ಲೀಟರ್ ಹೋಗುತ್ತಿತ್ತು. ಅಷ್ಟು ಹೋಗಲು ಕಾರಣ ಫ್ಯಾನು. ಅವರು ಚಿಲ್ಲರ್ ಹಾಕಿರಲಿಲ್ಲ, ನೀರಿನ ಮೇಲೆ ಎರಡು ಸಣ್ಣ ಫ್ಯಾನು ಇಟ್ಟು 27 ಡಿಗ್ರಿ ದಾಟಿದರೆ ಓಡುವ ಹಾಗೆ ಕಂಟ್ರೋಲರ್ ಜೋಡಿಸಿದ್ದರು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು, ಅದನ್ನು ಟ್ಯಾಂಕಿನ ನೀರೇ ಕೊಡಬೇಕು. 270 ಲೀಟರಿಗೆ ಲೆಕ್ಕ ಹಾಕಿದರೆ ಒಂದು ಲೀಟರ್ ಆವಿಯಾದರೆ ಎರಡು ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ತಂಪು. ಹಾಗಾಗಿ ಬೇಸಿಗೆಯಲ್ಲಿ ಫ್ಯಾನು ಹಗಲಿಡೀ ಓಡುತ್ತಿತ್ತು, ನೀರು ಹೋಗುತ್ತಿತ್ತು, ಡ್ರಮ್ಮಿನ ಸುಣ್ಣದ ನೀರು ಬೀಳುತ್ತಿತ್ತು.

ಜೂನ್ ಬಂತು. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಜಾಗ ನಮ್ಮದು, ಅದರಲ್ಲಿ ಬಹುಪಾಲು ಈ ಮೂರ್ನಾಲ್ಕು ತಿಂಗಳಲ್ಲೇ. ಗಾಳಿಯ ತೇವ ಶೇಕಡಾ 90ರ ಆಸುಪಾಸು. ಹೊರಗೆ 26 ಡಿಗ್ರಿ, ನೀರು 26 ಡಿಗ್ರಿ, ಫ್ಯಾನು ಚಾಲೂ ಆಗುವ ಪ್ರಶ್ನೆಯೇ ಇಲ್ಲ. ಆವಿಯಾಗುವುದು ದಿನಕ್ಕೆ ಒಂದು ಲೀಟರಿಗಿಂತ ಕೆಳಗೆ ಬಂತು. ಸುಣ್ಣದ ನೀರು ಬೀಳುವುದೂ ಅಷ್ಟೇ ಆಯಿತು.

ಲೆಕ್ಕ ನೋಡಿ. 40 ಲೀಟರಿಗೆ 10 ಗ್ರಾಂ ಸುಣ್ಣ, ದಿನಕ್ಕೆ 4 ಲೀಟರ್, ಅಂದರೆ ದಿನಕ್ಕೆ 1 ಗ್ರಾಂ ಸುಣ್ಣ. 270 ಲೀಟರಿನಲ್ಲಿ ಅದು ಕೆಎಚ್ ಅನ್ನು 0.28 ಏರಿಸುತ್ತದೆ, ಟ್ಯಾಂಕಿನ ದಿನದ ಖರ್ಚೂ ಸರಿಸುಮಾರು ಅಷ್ಟೇ ಇತ್ತು, ಹಾಗಾಗಿ 8.2ರಲ್ಲಿ ನಿಂತಿತ್ತು. 800 ಮಿಲಿಲೀಟರ್ ಬಿದ್ದರೆ ಸಿಗುವುದು 0.06. ದಿನಕ್ಕೆ 0.2ಕ್ಕಿಂತ ಜಾಸ್ತಿ ಕೊರತೆ. ಕೆಎಚ್ ಇಳಿದ ಹಾಗೆ ಚಿಪ್ಪು ಕಟ್ಟುವ ವೇಗವೂ ಇಳಿಯುತ್ತದೆ, ಅದರಿಂದ ಕೊರತೆ ನಿಧಾನವಾಗುತ್ತದೆ, ಇಲ್ಲದಿದ್ದರೆ ಇನ್ನೂ ಬೇಗ ತಳ ಮುಟ್ಟುತ್ತಿತ್ತು. ಮೇಲಿಂದ ಡ್ರಮ್ಮಿನ ಸುಣ್ಣವೂ ವಾರಗಟ್ಟಲೆ ನಿಂತು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಸತ್ವ ಕಳೆದುಕೊಂಡಿತ್ತು. ಮೇಲೆ ಕಟ್ಟಿದ್ದ ಕೆನೆ ಅದೇ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್.

"ವಾರ ಬಿಟ್ಟು ವಾರ ನೀರು ಬದಲಿಸ್ತೇನಲ್ಲ, ಅದರಿಂದ ಸರಿ ಆಗ್ಬೇಕಿತ್ತಲ್ಲ?" ಎಂದರು ಮಾಷ್ಟ್ರು. ಕೇಳಬೇಕಾದ ಪ್ರಶ್ನೆಯೇ. 25 ಲೀಟರ್ ಬದಲಿಸುತ್ತಿದ್ದರು, ಅದು ಒಟ್ಟು ನೀರಿನ ಶೇಕಡಾ ಒಂಬತ್ತು. ಹೊಸ ನೀರು 8 ಇದ್ದು ಟ್ಯಾಂಕು 5.8 ಇದ್ದರೆ ಒಂದು ಬಾರಿ ಬದಲಿಸಿದಾಗ ಏರುವುದು 0.2 ಮಾತ್ರ. ಒಂದು ದಿನದ ಕೊರತೆಗೆ ಸಮ. ಉಪ್ಪಿನ ಚೀಲ ಬಾಯಿ ತೆರೆದು ಮಳೆಗಾಲದಲ್ಲಿ ಗಂಟುಗಂಟಾಗಿದ್ದರೆ ಅಷ್ಟೂ ಸಿಗುವುದಿಲ್ಲ, ತೇವ ಎಳೆದ ಮಿಶ್ರಣದಲ್ಲಿ ಕಾರ್ಬೊನೇಟ್ ಮೊದಲೇ ಗಟ್ಟಿಯಾಗಿ ಕೂತುಬಿಡಬಹುದು. ಮೊದಲ ವರ್ಷದ ಮಳೆಗಾಲ ಸುಸೂತ್ರವಾಗಿ ಕಳೆದದ್ದೂ ಇದೇ ಲೆಕ್ಕದಿಂದ ಅರ್ಥವಾಗುತ್ತದೆ. ಆಗ ಕಲ್ಲಿನ ಮೇಲೆ ಗುಲಾಬಿ ಪಾಚಿಯೇ ಇರಲಿಲ್ಲ, ಬಸವನಹುಳು ಕಡಿಮೆ, ಖರ್ಚೇ ಇಲ್ಲ. ಸುಣ್ಣವೂ ಆಗ ಹಾಕುತ್ತಿರಲಿಲ್ಲ. ಟ್ಯಾಂಕು ಚೆನ್ನಾಗಿ ಬೆಳೆದದ್ದರಿಂದಲೇ ಎರಡನೇ ವರ್ಷ ತೊಂದರೆ ಬಂತು.

ಇನ್ನೊಂದು ಸಂಗತಿ ಉಳಿದಿತ್ತು. ಪಿಎಚ್ ಸಂಜೆ ಹೊತ್ತಿಗೂ 7.7. ದೀಪ ಉರಿದು ಮುಗಿಯುವ ಹೊತ್ತಿಗೆ ಪಿಎಚ್ ದಿನದ ಮೇಲ್ತುದಿಯಲ್ಲಿರಬೇಕು, 8.2ರ ಹತ್ತಿರ. ಸುಣ್ಣ ಕಡಿಮೆಯಾದದ್ದು ಒಂದು ಕಾರಣ, ಆದರೆ ಅದೊಂದೇ ಅನ್ನಿಸಲಿಲ್ಲ. ಟ್ಯಾಂಕಿನ ಒಂದು ಲೋಟ ನೀರು ತೆಗೆದು ಜಗಲಿಗೆ ಒಯ್ದು ಗಾಳಿ ಪಂಪಿನಿಂದ ಒಂದು ಗಂಟೆ ಗುಳ್ಳೆ ಬಿಟ್ಟೆ. 8.0 ಆಯಿತು. ಅದೇ ನೀರು, ಅದೇ ಕೆಎಚ್, ಬರೀ ಹೊರಗಿನ ಗಾಳಿ. ಅಂದರೆ ಮನೆಯೊಳಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ. ಎರಚಲು ಬರುತ್ತದೆ ಎಂದು ಕಿಟಕಿ ಎಲ್ಲ ಮುಚ್ಚಿ, ಪಕ್ಕದಲ್ಲೇ ಅಡುಗೆಮನೆ, ಮಳೆಯೆಂದು ಮನೆಮಂದಿಯೆಲ್ಲ ಒಳಗೆ. ಹಂಚಿನ ಹಳೆ ಮನೆಯಲ್ಲಿ ಗಾಳಿ ತಾನೇ ಆಡುತ್ತದೆ, ಅಲ್ಯೂಮಿನಿಯಂ ಕಿಟಕಿಯ ಟೆರೇಸ್ ಮನೆಯಲ್ಲಿ ಅದಿಲ್ಲ. ಈ ಲೋಟದ ಪರೀಕ್ಷೆಗೆ ಖರ್ಚಿಲ್ಲ. ಪಿಎಚ್ ಏರಿಸುವ ಬಾಟಲಿ ತರುವ ಮೊದಲು ಇದನ್ನು ಮಾಡಿ ನೋಡಿ. ನಾವು ಸ್ಕಿಮ್ಮರ್ ಗಾಳಿ ಎಳೆಯುವ ಪೈಪನ್ನು ಉದ್ದ ಮಾಡಿ ಕಿಟಕಿಯ ಮೂಲೆಯಿಂದ ಹೊರಗೆ, ಮಾಡಿನ ಅಡಿಗೆ ಬಿಟ್ಟೆವು. ಮೂರು ದಿನದಲ್ಲಿ ಸಂಜೆಯ ಪಿಎಚ್ 8 ಮುಟ್ಟಿತು.

ಕೆಎಚ್ ಏರಿಸಲು ಬಳಸಿದ್ದು ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆ ಸೋಡಾ ಅಲ್ಲ, ಪ್ಯಾಕೆಟಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಒಂದೇ ಬರೆದಿರಬೇಕು. 270 ಲೀಟರಿಗೆ ಕೆಎಚ್ ಒಂದು ಏರಿಸಲು 8 ಗ್ರಾಂ ಸಾಕು. ನಮಗೆ ಬೇಕಿದ್ದದ್ದು 2.2, ಅಂದರೆ 18 ಗ್ರಾಂ. ಅಷ್ಟನ್ನೂ ಒಂದೇ ದಿನ ಸುರಿದರೆ ಆಗುವುದಿಲ್ಲ. ಇಳಿದ ಕೆಎಚ್‌ಗಿಂತ ಹಾರಿದ ಕೆಎಚ್ ಹವಳಕ್ಕೆ ಕಷ್ಟ. ದಿನಕ್ಕೆ 4 ಗ್ರಾಂನ ಹಾಗೆ, ಶುದ್ಧ ನೀರಲ್ಲಿ ಕರಗಿಸಿ, ಬೆಳಿಗ್ಗೆ ಅರ್ಧ ಸಂಜೆ ಅರ್ಧ, ಸಂಪಿನ ನೀರು ಹರಿಯುವ ಕಡೆ ನಿಧಾನಕ್ಕೆ. ಇದರ ಮೇಲೆ ದಿನದ ಖರ್ಚಿಗೆ ಬೇರೆ. 1 ಗ್ರಾಂ ಸುಣ್ಣ ಕೊಡುತ್ತಿದ್ದ ಕೆಎಚ್‌ಗೆ 2.3 ಗ್ರಾಂ ಸೋಡಾ ಬೇಕು, ಅದರ ಜೊತೆಯ ಕ್ಯಾಲ್ಸಿಯಂಗೆ 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್. ಎರಡನ್ನೂ ಒಂದೇ ಲೋಟದಲ್ಲಿ ಕಲಸಬಾರದು, ಕೂಡಲೇ ಹಾಲಿನ ಹಾಗೆ ಬಿಳಿಯಾಗಿ ಗಸಿ ಕೂರುತ್ತದೆ. ಒಂದು ಬೆಳಿಗ್ಗೆ ಹಾಕಿದರೆ ಇನ್ನೊಂದು ಸಂಜೆಗೆ.

ಕೆಎಚ್ ಒಂದು ವಾರದೊಳಗೆ 7.9ಕ್ಕೆ ಬಂತು. ಟ್ಯಾಂಕು ಅಷ್ಟು ಬೇಗ ಬರಲಿಲ್ಲ. ಲೆದರ್ ಹವಳ ಇನ್ನೂ ಮುದುಡಿಯೇ ಇತ್ತು, ಮೈಮೇಲೆ ಮೇಣದಂಥ ಪೊರೆ ಬೇರೆ. ಮಾಷ್ಟ್ರು ಸತ್ತಿತು ಎಂದೇ ಫೋನು ಮಾಡಿದರು. ನಿಜ ಹೇಳಬೇಕೆಂದರೆ ಲೆದರ್ ಹವಳ ಈ ಪ್ರಕರಣದ ಸಾಕ್ಷಿಯೇ ಅಲ್ಲ. ಅದು ಆಗಾಗ ತಾನೇ ಮುದುಡಿ, ಪೊರೆ ಕಳಚಿ ಮತ್ತೆ ಬಿಚ್ಚುವ ಜೀವ, ಕೆಎಚ್ ಸರಿಯಿದ್ದಾಗಲೂ ಹಾಗೆ ಮಾಡುತ್ತದೆ. ಅಲೆಯ ಪಂಪನ್ನು ಸ್ವಲ್ಪ ಅದರ ಕಡೆ ತಿರುಗಿಸಿದೆವು, ಪೊರೆ ಕಿತ್ತು ಹೋಯಿತು, ಬಿಚ್ಚಿತು. ನಿಜವಾದ ಸಾಕ್ಷಿ ಗುಲಾಬಿ ಪಾಚಿ. ಬಿಳಿಯಾದ ಜಾಗದ ಅಂಚಿನಲ್ಲಿ ಸೆಪ್ಟೆಂಬರ್ ಹೊತ್ತಿಗೆ ಹೊಸ ನೇರಳೆ ಚುಕ್ಕೆ ಕಂಡವು. ಬಸವನಹುಳುವಿನ ಹಳೆ ಚಿಪ್ಪಿನ ಗುಳಿ ಹೋಗಲಿಲ್ಲ, ಬಾಯಿಯ ಕಡೆ ಹೊಸದಾಗಿ ಕಟ್ಟಿದ ಭಾಗ ಮಾತ್ರ ನಯವಾಗಿತ್ತು. ಒಂದು ಬಸವನಹುಳು ಉಳಿಯಲಿಲ್ಲ. ಮಶ್ರೂಮ್‌ಗಳಿಗೆ ಈ ಇಡೀ ಗಲಾಟೆಯ ಸುದ್ದಿಯೇ ತಲುಪಿದ ಹಾಗಿರಲಿಲ್ಲ, ಅವು ಎರಡಿದ್ದದ್ದು ನಾಲ್ಕಾಗಿದ್ದವು.

ಕ್ರಮವನ್ನೇ ಬದಲಿಸುವುದು ಹೇಗೆ ಎನ್ನುವುದಕ್ಕೆ ಸ್ವಲ್ಪ ಚರ್ಚೆ ಆಯಿತು. ಮಾಷ್ಟ್ರ ಯೋಚನೆ, ಮಳೆಗಾಲದಲ್ಲಿ ಡ್ರಮ್ಮಿಗೆ ಐದು ಪಾಲು ಸುಣ್ಣ ಹಾಕಿದರಾಯಿತಲ್ಲ ಎಂದು. ಲೀಟರಿಗೆ 1.25 ಗ್ರಾಂ ಆಗುತ್ತದೆ, ಸುಣ್ಣ ಅಷ್ಟು ಕರಗುತ್ತದೆ, ಸುಮಾರು 1.7 ಗ್ರಾಂವರೆಗೂ ಕರಗುತ್ತದೆ. ಆದರೆ ನಮ್ಮ ಮಳೆಗಾಲ ಒಂದೇ ಸಮ ಇರುವುದಿಲ್ಲ. ನಡುವೆ ನಾಲ್ಕು ದಿನ ಬಿಸಿಲು ಬಿದ್ದರೆ ಫ್ಯಾನು ಓಡುತ್ತದೆ, ನೀರು ಹೋಗುತ್ತದೆ, ಆ ಗಟ್ಟಿ ಸುಣ್ಣದ ನೀರು ಒಟ್ಟಿಗೆ ಬೀಳುತ್ತದೆ, ಪಿಎಚ್ ಹಾರುತ್ತದೆ. ಫ್ಲೋಟ್ ವಾಲ್ವ್ ಒಮ್ಮೆ ಸಿಕ್ಕಿಕೊಂಡರಂತೂ ಟ್ಯಾಂಕೇ ಹೋಗುತ್ತದೆ. ಆವಿಯಾಗುವ ನೀರಿಗೂ ಹವಳದ ಊಟಕ್ಕೂ ಗಂಟು ಹಾಕಿದ್ದೇ ಮೂಲ ತೊಂದರೆ, ಆ ಗಂಟು ಬಿಚ್ಚಬೇಕು ಎಂದು ನಾನು ಹಟ ಹಿಡಿದೆ.

ಈಗಿನ ಏರ್ಪಾಡು ಹೀಗಿದೆ. ಡಿಸೆಂಬರಿನಿಂದ ಮೇವರೆಗೆ ಸುಣ್ಣದ ಡ್ರಮ್ಮು, ಮೊದಲಿನ ಹಾಗೇ, ಮುಚ್ಚಳ ಬಿಗಿಯಾಗಿ. ಮಳೆ ಹಿಡಿಯುವ ಮುನ್ನ ಡ್ರಮ್ಮು ತೊಳೆದು ಬರೀ ಶುದ್ಧ ನೀರು. ಸೋಡಾ, ಕ್ಯಾಲ್ಸಿಯಂ ಎರಡಕ್ಕೆ ಎರಡು ಸಣ್ಣ ಡೋಸಿಂಗ್ ಪಂಪು, ಅವೂ ಇನ್ವರ್ಟರಿನಲ್ಲಿ. ಕೆಎಚ್ ವಾರಕ್ಕೊಮ್ಮೆ, ಜೂನ್ ಮತ್ತು ಡಿಸೆಂಬರಿನಲ್ಲಿ ವಾರಕ್ಕೆರಡು ಸಲ, ಯಾಕೆಂದರೆ ಕ್ರಮ ಬದಲಾಗುವ ತಿಂಗಳಲ್ಲೇ ತಪ್ಪುವುದು. ಉಪ್ಪಿನ ಚೀಲ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹೋಯಿತು. ಮೂರನೆಯ ಮಳೆಗಾಲದಲ್ಲಿ ಕೆಎಚ್ 7.6ರಿಂದ 8.3ರ ನಡುವೆಯೇ ಇತ್ತು.

ಈ ಜೋಡಿ ಕ್ರಮಕ್ಕೆ ಸುಣ್ಣಕ್ಕಿಲ್ಲದ ಒಂದು ಬಾಲ ಉಂಟು. ಸೋಡಾದ ಸೋಡಿಯಂ, ಕ್ಯಾಲ್ಸಿಯಂ ಕ್ಲೋರೈಡಿನ ಕ್ಲೋರೈಡ್ ಎರಡೂ ನೀರಲ್ಲೇ ಉಳಿದು ಉಪ್ಪಾಗುತ್ತವೆ. ಮಾಷ್ಟ್ರ ಪ್ರಮಾಣದಲ್ಲಿ ದಿನಕ್ಕೆ ಒಂದೂವರೆ ಗ್ರಾಂ ಚಿಲ್ಲರೆ, ನೂರು ದಿನಕ್ಕೆ ಸುಮಾರು 160 ಗ್ರಾಂ. ಅಂದರೆ ಲೀಟರಿಗೆ 0.6 ಗ್ರಾಂ. ನೀರು ಬದಲಿಸುತ್ತಿದ್ದರೆ ಅದರಲ್ಲಿ ಒಂದಷ್ಟು ಹೋಗುತ್ತದೆ, ಆದರೂ ಆಗಸ್ಟಿನಲ್ಲಿ ಒಮ್ಮೆ ಉಪ್ಪಿನಂಶ 35.5 ತೋರಿಸಿತು. ಮಾಷ್ಟ್ರು ಎರಡು ಸಲ ನೀರು ಬದಲಿಸುವಾಗ ಹೊಸ ನೀರನ್ನು 33ಕ್ಕೆ ಕಲಸಿದರು, 35ರ ಹತ್ತಿರ ಬಂತು. ಈಗ ಅದನ್ನೂ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ, ಡ್ರಮ್ಮಿನ ಗುರುತಿನ ಪಕ್ಕದಲ್ಲೇ, ಕೆಂಪು ಶಾಯಿಯಲ್ಲಿ.